ಚೆಂಡು ಎಷ್ಟು ಓರೆಯಾಗಿ ಏಳಬೇಕು?

ಗಾಲ್ಫ್ ಚೆಂಡನ್ನು ಎಂದಾದರೂ ಅಂಗೈಯಲ್ಲಿಟ್ಟು ನೋಡಿದ್ದೀರಾ, ಮಕ್ಕಳೇ? ನಮ್ಮ ಚಿಕ್ಕಮಗಳೂರಿನಲ್ಲೂ ಗಾಲ್ಫ್ ಮೈದಾನವಿದೆ. ಅವಕಾಶ ಸಿಕ್ಕರೆ ಒಂದು ಚೆಂಡು ಕೇಳಿ ನೋಡಿ. ತೂಕ 46 ಗ್ರಾಂ ಒಳಗೇ. ಮೈತುಂಬ ಪುಟ್ಟ ಪುಟ್ಟ ಗುಳಿಗಳು, ಸಾಮಾನ್ಯವಾಗಿ 300ಕ್ಕೂ ಹೆಚ್ಚು. ಎಣಿಸಲು ಕೂತರೆ ಲೆಕ್ಕ ತಪ್ಪುವುದು ಖಂಡಿತ! ಗುಳಿಗಳ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಇದು ಹೇಳಿ: ಚೆಂಡು ಬಹುದೂರ ಹೋಗಬೇಕಾದರೆ ಅದನ್ನು ಎಷ್ಟು ಮೇಲ್ಮುಖವಾಗಿ ಹೊಡೆಯಬೇಕು?

ಇದನ್ನು ಕಣ್ಣಾರೆ ಕಾಣಲು ಕಾಫಿ ಕಣದ ಪಕ್ಕದ ನೀರಿನ ಪೈಪು ಸಾಕು. ಅದರ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ. ಪೈಪು ನೆಲಕ್ಕೆ ಸಮನಾಗಿದ್ದರೆ ನೀರು ಹತ್ತಿರದಲ್ಲೇ ಬೀಳುತ್ತದೆ. ನೆಟ್ಟಗೆ ಮೇಲಕ್ಕೆ ಹಿಡಿದರೆ ನಿಮ್ಮ ತಲೆಯ ಮೇಲೇ ಸುರಿಯುತ್ತದೆ. ಬೇಸಿಗೆಯಾದರೆ ಅದೂ ಚೆನ್ನವೇ ಅನ್ನಿ. ಇವೆರಡರ ನಡುವೆ ಎಲ್ಲೋ ಒಂದು ಓರೆಯಲ್ಲಿ ನೀರು ಎಲ್ಲಕ್ಕಿಂತ ದೂರ ಚಿಮ್ಮುತ್ತದೆ.

ನೋಟ್‌ಬುಕ್ ಹಾಳೆಯ ಮೂಲೆಯನ್ನು ಅಂಚಿಗೆ ಅಂಚು ಸೇರುವಂತೆ ಮಡಚಿ. ಆಗ ಬರುವ ಓರೆಗೆರೆಯೇ 45 ಡಿಗ್ರಿ. ಗಾಳಿಯೇ ಇಲ್ಲದ ಜಾಗದಲ್ಲಿ, ಸಮತಟ್ಟು ನೆಲದಲ್ಲಿ, ದೂರಕ್ಕೆ ಇದೇ ಸರಿಯಾದ ಓರೆ. ಮೇಲಕ್ಕೆ ಏರಿದಷ್ಟು ಹೆಚ್ಚು ಹೊತ್ತು ತೇಲಬಹುದು. ಮುಂದಕ್ಕೆ ನುಗ್ಗಿದಷ್ಟು ದಾರಿ ಸಾಗಬಹುದು. ಇರುವ ಕಸುವನ್ನು ಎರಡಕ್ಕೂ ಸಮನಾಗಿ ಹಂಚಿದ ಹಾಗೆ.

ಆದರೆ ನಮ್ಮ ಸುತ್ತ ಗಾಳಿ ಇದೆಯಲ್ಲ! ಹೂಮಳೆ ಬಾರದ ವರ್ಷ ಮೂಡಿಗೆರೆ ಕಡೆಯ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕುವುದನ್ನು ನೋಡಿರುತ್ತೀರಿ. ಆ ದೊಡ್ಡ ಜೆಟ್ಟಿನ ಮೂತಿಯನ್ನು ಗಮನಿಸಿ. ಅದು 45 ಡಿಗ್ರಿಗಿಂತ ಎಷ್ಟೋ ತಗ್ಗಿ, ಹೆಚ್ಚಾಗಿ 25ರ ಆಸುಪಾಸಿನಲ್ಲಿರುತ್ತದೆ. ತುಂಬ ಎತ್ತರಕ್ಕೆ ಹೋದ ನೀರನ್ನು ಗಾಳಿ ತಡೆದು, ಚದುರಿಸಿ, ದಾರಿ ತಪ್ಪಿಸುತ್ತದೆ.

ಗಾಲ್ಫ್ ಚೆಂಡು ಇದಕ್ಕಿಂತಲೂ ತಗ್ಗಿ ಹೊರಡುತ್ತದೆ. ಬಹುದೂರದ ಹೊಡೆತಕ್ಕೆ ಬಳಸುವ ‘ಡ್ರೈವರ್’ ಎಂಬ ಕೋಲಿನಿಂದ ಪಳಗಿದ ಆಟಗಾರರು ಹೊಡೆದಾಗ ಚೆಂಡು ಏಳುವುದು ಬರೀ 10ರಿಂದ 15 ಡಿಗ್ರಿಯಲ್ಲಿ. ಆದರೂ ಇನ್ನೂರು ಮೀಟರ್ ದಾಟಿ ಹೋಗುತ್ತದೆ. ನನಗೆ ಈ ಇಡೀ ಕತೆಯಲ್ಲಿ ಅತಿ ಇಷ್ಟವಾದ ಭಾಗ ಇದೇ.

ಗುಟ್ಟು ಇರುವುದು ಚೆಂಡಿನ ತಿರುಗುವಿಕೆಯಲ್ಲಿ. ಕೋಲಿನ ಮುಖ ತುಸು ಹಿಂದಕ್ಕೆ ವಾಲಿರುವುದರಿಂದ ಚೆಂಡು ಹಿಮ್ಮುಖವಾಗಿ ಗಿರಗಿರ ತಿರುಗುತ್ತ ಹಾರುತ್ತದೆ, ಸೆಕೆಂಡಿಗೆ ಸುಮಾರು 40 ಸುತ್ತು. ಅದರ ಮೇಲ್ಭಾಗ ಹೊಡೆದವರ ಕಡೆಗೆ ಉರುಳುತ್ತಿರುತ್ತದೆ, ಕೆಳಭಾಗ ಮುಂದಕ್ಕೆ. ಮೈಗೆ ತಾಗಿದ ಗಾಳಿಯೂ ಆ ಸುತ್ತಿಗೆ ಸಿಕ್ಕಿ ಚೆಂಡಿನ ಹಿಂದೆ ಕೆಳಕ್ಕೆ ತಿರುಗುತ್ತದೆ. ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳಿದರೆ ಗಾಳಿ ಚೆಂಡನ್ನು ಮೇಲಕ್ಕೆ ತಳ್ಳುತ್ತದೆ. ಎತ್ತಿಕೊಳ್ಳಲು ಗಾಳಿಯೇ ಇರುವಾಗ, ಹೊಡೆತದ ಕಸುವನ್ನೆಲ್ಲ ಮುಂದಕ್ಕೇ ಹಾಕಬಹುದಲ್ಲವೇ?

ಈಗ ಗುಳಿಗಳ ಸರದಿ. ಗಾಳಿ ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡು ಬರುವಂತೆ ಮಾಡುವುದು ಅವೇ. ಹಾಗಾಗಿ ಗಾಳಿಯ ತಡೆ ಕಡಿಮೆಯಾಗುತ್ತದೆ. ಹತ್ತೊಂಬತ್ತನೇ ಶತಮಾನದ ಆಟಗಾರರು ನುಣುಪಾದ ಹೊಸ ಚೆಂಡಿಗಿಂತ ಗೀರುಬಿದ್ದ ಹಳೆಯ ಚೆಂಡೇ ಚೆನ್ನಾಗಿ ಹಾರುವುದನ್ನು ಕಂಡು, ಬೇಕೆಂದೇ ಗೀರು ಹಾಕತೊಡಗಿದರು.

ಎಲ್ಲ ಹೊಡೆತವೂ ದೂರಕ್ಕಲ್ಲ. ಚೆಂಡನ್ನು ಬೀಳಿಸಬೇಕಾದ ಗುಂಡಿಯ ಹತ್ತಿರ ಬಂದಾಗ, ತುಂಬ ವಾಲಿದ ಮುಖದ ‘ವೆಡ್ಜ್’ ಕೋಲಿನಿಂದ ಚೆಂಡನ್ನು ಎತ್ತರಕ್ಕೆ ಏರಿಸುತ್ತಾರೆ. ಅದು ಕಡಿದಾಗಿ ಇಳಿದು, ಹೆಚ್ಚು ಉರುಳದೆ ನಿಲ್ಲುತ್ತದೆ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರ ದೂರದ ಹೊಡೆತಗಳು ಎದುರಾಳಿಗಳಷ್ಟು ಉದ್ದವಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕನೆಯವರಾದರು.

ದೇವರಮನೆಯ ಕಾಲಭೈರವೇಶ್ವರ ದೇವಸ್ಥಾನಕ್ಕೆ ಹೋದವರಿಗೆ ಆ ಗುಡ್ಡದ ಗಾಳಿ ಗೊತ್ತು. ಅಂಥ ಎದುರುಗಾಳಿಯಲ್ಲಿ ಗಾಲ್ಫ್ ಆಟಗಾರರು ಚೆಂಡನ್ನು ಇನ್ನೂ ತಗ್ಗಿಸಿ, ಕಡಿಮೆ ತಿರುಗುವಂತೆ ಹೊಡೆಯುತ್ತಾರೆ. ಏಕಿರಬಹುದು? ಎದುರಿನಿಂದ ನುಗ್ಗುವ ಗಾಳಿ ತಿರುಗುವ ಚೆಂಡನ್ನು ಇನ್ನೂ ಜೋರಾಗಿ ಮೇಲಕ್ಕೆತ್ತುತ್ತದೆ. ಚೆಂಡು ಆಕಾಶಕ್ಕೇರಿ, ಮುಂದೆ ಹೋಗುವ ವೇಗ ಕಳೆದುಕೊಂಡು, ಅರ್ಧ ದಾರಿಯಲ್ಲೇ ಇಳಿದುಬಿಡುತ್ತದೆ.