ಪಟ್ಟಾ ಕೊಟ್ಟ ದಂಡಿನ ದೊರೆ
(ಸೂಳಗಿರಿಯ ಕಾರ್ಮಿಕ ಕೂಟದಲ್ಲಿ ಮಾಡಿದ ಭಾಷಣ)



ಇವತ್ತು ಒಬ್ಬ ಬಿಳಿಯ ದಂಡಿನ ದೊರೆಯ ಕಥೆ ಹೇಳುತ್ತೇನೆ. ಕೂಲಿಗಾರರ ಕೂಟದಲ್ಲಿ ದೊರೆಯ ಕಥೆ ಯಾಕೆ ಎಂದು ನೀವು ಕೇಳಬಹುದು. ನಮ್ಮ ಸೀಮೆಯ ಜಮೀನಿನ ಕಾಗದಕ್ಕೂ ಆತನಿಗೂ ಸಂಬಂಧ ಉಂಟು, ಅದಕ್ಕಾಗಿ.

ಆತನ ಹೆಸರು ಥಾಮಸ್ ಮನ್ರೋ. 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ಹುಟ್ಟಿದ. ಅಮೆರಿಕದ ಯುದ್ಧದಿಂದ ತಂದೆಯ ವ್ಯಾಪಾರ ಮುಳುಗಿತು. ಮಗ 1780ರಲ್ಲಿ ಕಂಪನಿಯ ಪದಾತಿ ದಂಡಿಗೆ ಸೇರಿ ಮದರಾಸಿಗೆ ಬಂದ. ಹೈದರಾಲಿಯ ಮೇಲೂ ಆಮೇಲೆ ಟಿಪ್ಪುವಿನ ಮೇಲೂ ನಡೆದ ಯುದ್ಧಗಳಲ್ಲಿ ದುಡಿದ. ಪುಸ್ತಕವೋ ತೋಟಾಪೆಟ್ಟಿಗೆಯೋ ತನಗೆ ತಲೆದಿಂಬು ಎಂದು ಮನೆಗೆ ಬರೆದಿದ್ದ. ಅಂಥ ಬಡತನದಲ್ಲೂ ತಂದೆತಾಯಿಗೆ ಹಣ ಕಳಿಸುತ್ತಿದ್ದ.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿ, ಧರ್ಮಪುರಿ ಕಡೆಯ ಬಾರಾಮಹಲ್ ಸೀಮೆ ಕಂಪನಿಯ ಪಾಲಾಯಿತು. ನಮ್ಮ ಹೊಸೂರು ಕಡೆ ಸೇರಿದ್ದು 1799ರಲ್ಲಿ, ಟಿಪ್ಪು ಮಡಿದ ಮೇಲೆ. ಬಾರಾಮಹಲಿಗೆ ಅಲೆಗ್ಸಾಂಡರ್ ರೀಡ್ ಎಂಬ ದಂಡಿನ ಅಧಿಕಾರಿಯನ್ನು ನೇಮಿಸಿದರು. ಆತನ ಕೈಕೆಳಗಿನವರಲ್ಲಿ ಮನ್ರೋ ಒಬ್ಬ. ಜನರ ಭಾಷೆ ತಿಳಿದವರೆಂದೇ ಲಾರ್ಡ್ ಕಾರ್ನ್‌ವಾಲಿಸ್ ಈ ಕೆಲಸಕ್ಕೆ ದಂಡಿನವರನ್ನು ಆರಿಸಿದ್ದ.

ಏಳು ವರ್ಷ ಇವರು ಹೊಲಹೊಲ ಅಳೆಸಿದರು. ಗುತ್ತಿಗೆದಾರನೂ ಜಮೀನ್ದಾರನೂ ನಡುವೆ ನಿಂತರೆ ರೈತ ಎಷ್ಟು ಕೊಟ್ಟ, ಸರ್ಕಾರಕ್ಕೆ ಎಷ್ಟು ಸೇರಿತು ಎಂದು ತಿಳಿಯುವುದಿಲ್ಲ. ಆದ್ದರಿಂದ ಒಬ್ಬೊಬ್ಬ ರೈತನ ಹೆಸರಿಗೂ ಪಟ್ಟಾ ಬರೆದು, ಇಷ್ಟು ಜಮೀನು, ಇಷ್ಟು ಕಂದಾಯ ಎಂದು ಗೊತ್ತುಮಾಡುವುದು ಮೇಲೆಂದರು. ಇದೇ ರೈತವಾರಿ ಪದ್ಧತಿ.

ಮನ್ರೋ ಆಮೇಲೆ ಕನ್ನಡ ಜಿಲ್ಲೆಗೂ, 1800ರಿಂದ ಬಳ್ಳಾರಿ, ಕಡಪ ಕಡೆಗೂ ಕಲೆಕ್ಟರಾಗಿ ಹೋದ. ಕಂದಾಯ ಬಹಳ ಭಾರ, ಕಾಲು ಭಾಗ ಇಳಿಸಿ ಎಂದು 1807ರಲ್ಲಿ ಬರೆದ. ಮೇಲಿನವರು ಒಪ್ಪಲಿಲ್ಲ. 1820ರಲ್ಲಿ ತಾನೇ ಮದರಾಸಿನ ಗವರ್ನರ್ ಆದಾಗ ಆ ಮಾತನ್ನು ಮತ್ತೆ ಕೈಗೆತ್ತಿಕೊಂಡ. ಮೇಜರ್ ಜನರಲ್ ಪದವಿಯವರೆಗೆ ಏರಿದ ಈತ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡ. ಚೆನ್ನೈಯಲ್ಲಿ ಕುದುರೆಯ ಮೇಲೆ ಕೂತ ಆತನ ಪ್ರತಿಮೆ ಇಂದಿಗೂ ಉಂಟು.

ಇಷ್ಟು ಹೊಗಳಿದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕು. ಪಟ್ಟಾದಲ್ಲಿ ಯಾರ ಹೆಸರು ಬಂತು? ಭೂಮಿ ಹಿಡಿದವನದು. ಆ ಭೂಮಿಯಲ್ಲಿ ನೇಗಿಲು ಹಿಡಿದ ಆಳಿನದು, ಕಳೆ ಕಿತ್ತ ಹೆಂಗಸಿನದು ಬರಲಿಲ್ಲ. ಮನೆತನದ ಆಳಾಗಿ ಮಾರಿಸಿಕೊಳ್ಳುತ್ತಿದ್ದವರೂ ಆಗ ಇದ್ದರು. ಆಳುತನಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲ ಎಂಬ ಕಾನೂನು ಬಂದದ್ದು 1843ರಲ್ಲಿ, ಮನ್ರೋ ಸತ್ತು 16 ವರ್ಷ ಕಳೆದ ಮೇಲೆ. ಆತ ಎಷ್ಟೇ ಒಳ್ಳೆಯವನಾದರೂ ಕಂದಾಯ ಎತ್ತಲು ಬಂದವನು. ಕಂದಾಯ ಕೊಡದವನ ಹೆಸರು ಆತನ ಪುಸ್ತಕಕ್ಕೆ ಬೇಕಾಗಿರಲಿಲ್ಲ.

ದೇವರ ಪುಸ್ತಕ ಹಾಗಲ್ಲ. ಹೊಲವಿಲ್ಲದ ರೂತಳು ಹಕ್ಕಲು ಆಯ್ದು ಅತ್ತೆಯನ್ನು ಸಾಕಿದಳು. ಹೊಲದ ಒಡೆಯನಾದ ಬೋವಜನ ಹೆಸರು ಅದರಲ್ಲಿ ಉಂಟು. ಆದರೆ ಪುಸ್ತಕಕ್ಕೆ ಇಟ್ಟ ಹೆಸರು ರೂತಳದು.

ಸಹೋದರರೇ, ಕಾಗದದಲ್ಲಿ ಹೆಸರು ಇರುವುದು ಸಣ್ಣ ವಿಷಯವಲ್ಲ. ಪಟ್ಟಾ ಇದ್ದ ರೈತ ಕಚೇರಿಯಲ್ಲಿ ಬಾಯಿಬಿಟ್ಟು ಮಾತಾಡಿದ. ಗುಲಾಬಿ ತೋಟವಾಗಲಿ, ಮಾವಿನ ತೋಪಾಗಲಿ, ನಮ್ಮ ಪಟ್ಟಾ ಎಂದರೆ ಹಾಜರಿ ಪುಸ್ತಕ. ದಿನದ ಹಾಜರಿ ಬಿತ್ತೇ ಎಂದು ನೋಡಿರಿ. ಗಂಡನ ಹೆಸರಿನಲ್ಲಿ ಹೆಂಡತಿಯ ದುಡಿಮೆಯನ್ನು ಸೇರಿಸಲು ಬಿಡಬೇಡಿರಿ. ಕೂಲಿ ಚೀಟಿ ಕೇಳಿ, ಬೈಬಲಿನೊಳಗೆ ಜೋಪಾನವಾಗಿ ಇಡಿರಿ. ಓದು ಬಾರದವರು ಮಕ್ಕಳಿಂದ ಓದಿಸಿರಿ, ಇಲ್ಲವೇ ಭಾನುವಾರ ಪೂಜೆ ಮುಗಿದ ಮೇಲೆ ನನ್ನ ಹತ್ತಿರ ತನ್ನಿರಿ.

ದೊರೆ ಬರೆಯದೆ ಬಿಟ್ಟ ಹೆಸರನ್ನು ನಾವೇ ಬರೆಸಬೇಕು. ದೇವರು ನಿಮ್ಮನ್ನೂ ನಿಮ್ಮ ಕೈಕೆಲಸವನ್ನೂ ಆಶೀರ್ವದಿಸಲಿ.