ಮದ್ದಿನ ಖರ್ಚು, ಮನೆಯ ಖರ್ಚು



ಸಿದ್ದಾಪುರ ಸೀಮೆಯ ಮನ್ಮನೆಯಂಥ ಹಳ್ಳಿಯಲ್ಲಿ ಅಡಿಕೆ ಸುಲಿದು ಒಬ್ಬಳೇ ಮಕ್ಕಳನ್ನು ಸಾಕುವ ತಾಯಿಗೆ ಕ್ಯಾನ್ಸರ್ ಬಂದರೆ, ಡಬ್ಬಿ ಹಿಡಿದು ಹೊರಡುವ ಮೊದಲು ನಾವೊಂದು ಲೆಕ್ಕ ಹಾಕಬೇಕು. 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆ ಬೆಂಗಳೂರಿನಲ್ಲಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಅದು ಭಿಕ್ಷೆಯಲ್ಲ, ಹಕ್ಕು. ಮೊದಲು ಅದನ್ನು ಪಡೆಯೋಣ.

ಆದರೆ ಆ ಕಾರ್ಡು ತಪ್ಪಿಹೋದ ಕೂಲಿಯನ್ನು ಕೊಡದು. ವಿಕಿರಣ ಚಿಕಿತ್ಸೆಯೆಂದರೆ ವಾರಗಟ್ಟಲೆ ಅಲ್ಲಿಯೇ ಇರಬೇಕು. ಜೊತೆಗೆ ಹೋದವರಿಗೂ ಕೂಲಿಯಿಲ್ಲ, ಊಟದ ಖರ್ಚು ಬೇರೆ. ಊರಲ್ಲುಳಿದ ಮಕ್ಕಳಿಗೆ ಅನ್ನ ಹಾಕುವವರು ಯಾರು? ಹಣ ಬೇಕಾಗಿರುವುದು ಇಲ್ಲಿ. ಒಂದೇ ದಿನ ಐದು ಸಾವಿರ ಕೊಟ್ಟು ಹಾರ ಹಾಕಿಸಿಕೊಳ್ಳುವವರಿಗಿಂತ (ಅಂಥವರಿಗೆ ನಮ್ಮಲ್ಲಿ ಬರವಿಲ್ಲ) ಚಿಕಿತ್ಸೆ ಮುಗಿಯುವ ತನಕ ತಿಂಗಳಿಗೆ ಮುನ್ನೂರು ಕೊಡುವ ಇಪ್ಪತ್ತು ಜನ ಬೇಕು. ಗಿರಣಿಯವರು ಸಂಬಳದ ದಿನ ಕೊಡಲಿ, ಅಂಗಡಿಯವರು ಅಕ್ಕಿ ಬೇಳೆ ಕೊಡಲಿ. ಲೆಕ್ಕವನ್ನು ಅಂಗಡಿ ಬಾಗಿಲಿಗೆ ಅಂಟಿಸೋಣ. ಆಕೆಯ ಹೆಸರು, ಚಿತ್ರ ಬೇಡ.