ಮಾತಿಲ್ಲದ ಚಿತ್ರ, ಮಾತಾಡುವ ಸಭೆ

(ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘ ಇಪ್ಪತ್ತೈದು ವರ್ಷ ಪೂರೈಸಿದ ಈ ಶುಭ ಸಂದರ್ಭದಲ್ಲಿ ಲೆಕ್ಕಪತ್ರದ ವಿಚಾರವನ್ನು ಕಾರ್ಯದರ್ಶಿಗಳು ಆಗಲೇ ಹೇಳಿದ್ದಾರೆ. ನಾವು ಸಿನಿಮಾ ವಿಚಾರ ಹೇಳೋಣ ಅಂತಿದ್ದೇವೆ. ಸಹಕಾರ ಸಂಘಕ್ಕೂ ಸಿನಿಮಾಕ್ಕೂ ಏನ್ರೀ ಸಂಬಂಧ ಎಂದು ಕೇಳಬಹುದು. ಸಂಬಂಧ ಉಂಟು. 1976ರಲ್ಲಿ ಶ್ಯಾಮ್ ಬೆನಗಲ್ ಅವರು ‘ಮಂಥನ್’ ಚಿತ್ರ ತೆಗೆದಾಗ ಬಂಡವಾಳ ಹಾಕಿದವರು ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು, ತಲಾ ಎರಡು ರೂಪಾಯಿಯಂತೆ.

ನಮ್ಮ ನಾಡಿನದೇ ಉದಾಹರಣೆ ಬೇಕೆಂದರೆ ಸಾಗರ ತಾಲ್ಲೂಕಿನ ಹೆಗ್ಗೋಡು ಇದೆ. ಅಡಿಕೆ ತೋಟಗಳ ನಡುವಿನ ಪುಟ್ಟ ಹಳ್ಳಿ. ಅಲ್ಲಿ 1949ರಲ್ಲಿ ಆರಂಭವಾದ ನೀನಾಸಂ, 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಕೆ.ವಿ. ಸುಬ್ಬಣ್ಣನವರು ಸತ್ಯಜಿತ್ ರೇ, ಕುರೊಸಾವಾ ಮೊದಲಾದವರ ಚಿತ್ರಗಳನ್ನು ಹಳ್ಳಿಗರ ಮುಂದಿಟ್ಟರು. ಇದೆಲ್ಲ ಹಳ್ಳಿಯವರಿಗೆ ತಿಳಿಯುತ್ತಾ ಅನ್ನುವವರು ಯಾವತ್ತೂ ಇರ್ತಾರೆ. ಜನ ಕೂತು ನೋಡಿದರು, ಚರ್ಚೆಯನ್ನೂ ಮಾಡಿದರು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ನಮ್ಮ ಸೀಮೆಯಲ್ಲಿ ಇಂಥ ಕೆಲಸಕ್ಕೆ ಮಾತಿಲ್ಲದ ಸಾಕ್ಷ್ಯಚಿತ್ರವೇ ಸರಿ ಎಂಬುದು ನಮ್ಮ ಅಭಿಪ್ರಾಯ. ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಆಚೆ ಬೀದಿಯಲ್ಲಿ ಉರ್ದು. ಮಾತೇ ಇಲ್ಲದ ಚಿತ್ರಕ್ಕೆ ಯಾರೂ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಅಕ್ಷರ ಬಾರದವರಿಗೂ ಕೊರತೆಯಿಲ್ಲ. 1987ರ ‘ಪುಷ್ಪಕ ವಿಮಾನ’ವನ್ನು ಒಂದೂ ಸಂಭಾಷಣೆಯಿಲ್ಲದೆ ನೋಡಿ ನಕ್ಕವರು ನಮ್ಮ ಜನರೇ ಅಲ್ಲವೇ? ಅದು ಕಥೆ, ಸಾಕ್ಷ್ಯಚಿತ್ರದಲ್ಲಿ ನಿಜವಾದ ಕೆಲಸ, ನಿಜವಾದ ಕೈಗಳು.

ಒಂದು ಚಿತ್ರದ ಹೆಸರು ಹೇಳುತ್ತೇವೆ. ನೆದರ್‌ಲ್ಯಾಂಡ್ಸ್ ದೇಶದ ಬರ್ಟ್ ಹಾನ್‌ಸ್ಟ್ರಾ 1958ರಲ್ಲಿ ತೆಗೆದ ‘ಗ್ಲಾಸ್’. ಸುಮಾರು ಹನ್ನೊಂದು ನಿಮಿಷ. ಆಸ್ಕರ್ ಪ್ರಶಸ್ತಿ ಪಡೆದ ಚಿತ್ರ. ವಿವರಣೆಯಿಲ್ಲ, ಸಂಗೀತವಿದೆ. ಮೊದಲು ಕೆಲಸಗಾರರು ಕೊಳವೆಯ ತುದಿಯಲ್ಲಿ ಕಾದ ಗಾಜು ತೆಗೆದುಕೊಂಡು, ಕೆನ್ನೆ ಉಬ್ಬಿಸಿ ಊದಿ ಪಾತ್ರೆ ಮಾಡುತ್ತಾರೆ. ಆಮೇಲೆ ಯಂತ್ರ ಬರುತ್ತದೆ, ಸಾಲುಸಾಲಾಗಿ ಬಾಟಲಿ ಹೊರಡುತ್ತವೆ. ಒಂದು ಬಾಟಲಿ ಒಡೆಯುತ್ತದೆ. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಹಿಂದಿನ ಬಾಟಲಿಗಳು ಒಂದರ ಮೇಲೊಂದು ಬಿದ್ದು ಪುಡಿಯಾಗುತ್ತವೆ. ಮನುಷ್ಯನ ಕೈ ಬಂದು ಸರಿಮಾಡಬೇಕಾಗುತ್ತದೆ.

ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕುವ ಸೀಮೆ ನಮ್ಮದು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ನೂಲು ಬಿಚ್ಚುವ ಹೆಣ್ಣುಮಗಳಿಗೆ ಈ ಚಿತ್ರ ಏನನ್ನಿಸೀತು? ಚರಕ ಹೋಗಿ ಬೇಸಿನ್ ಬಂತು, ಈಗ ಆಟೋಮ್ಯಾಟಿಕ್ ಯಂತ್ರಗಳೂ ಬಂದಿವೆ. ನೂಲು ಚೆನ್ನಾಗಿ ಬರುತ್ತೆ, ಸರಿ. ಕೈಗಳ ಗತಿಯೇನು? ಈ ವಿಚಾರದಲ್ಲಿ ಆಕೆಗಿಂತ ಬಲ್ಲವರು ನಮ್ಮಲ್ಲಿ ಯಾರಿದ್ದಾರೆ?

ನಮ್ಮ ಕಳಕಳಿ ಇರುವುದು ಇಲ್ಲೇ. ಸಹಕಾರದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಮತ ಸಮ, ಬಾಯಿ ಮಾತ್ರ ಸಮವಿಲ್ಲ. ಸರ್ವಸದಸ್ಯರ ಸಭೆ ಎಂದರೆ ಮುಂದಿನ ಸಾಲಿನ ನಾಲ್ಕು ಜನ ಮಾತಾಡೋದು, ಹಿಂದಿನವರು ರುಜುವೋ ಹೆಬ್ಬೆಟ್ಟೋ ಹಾಕಿ ಹೋಗೋದು. ವರದಿ ಓದಿದವರಿಗೆ ಮಾತು, ಉಳಿದವರಿಗೆ ಮೌನ. ಮಾತಿಲ್ಲದ ಚಿತ್ರವನ್ನು ಓದಿದವರು, ಓದದವರು ಸಮಸಮವಾಗಿ ನೋಡುತ್ತಾರೆ. ಅದರ ಬಗ್ಗೆ ಒಮ್ಮೆ ಬಾಯಿ ಬಿಟ್ಟವರು ಮುಂದೆ ಸಾಲದ ಬಗ್ಗೆ, ದರದ ಬಗ್ಗೆಯೂ ಕೇಳಿಯಾರು. ಸಂಘಕ್ಕೆ ಅದರಿಂದ ಲಾಭವೇ.

ಈಗ ಎಲ್ಲರ ಜೇಬಿನಲ್ಲೂ ಫೋನಿದೆ, ಸಿನಿಮಾ ಕೂಡ ಅದರಲ್ಲೇ. ಒಬ್ಬೊಬ್ಬರೇ ನೋಡ್ತೇವೆ, ಒಬ್ಬೊಬ್ಬರೇ ಮಲಗ್ತೇವೆ. ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನಮ್ಮ ವಿನಂತಿ ಇಷ್ಟೇ: ಮೂರು ತಿಂಗಳಿಗೊಂದು ಸಂಜೆ ಚಿತ್ರಕೂಟ ನಡೆಸಿ. ಬಾಡಿಗೆ ಪ್ರೊಜೆಕ್ಟರು, ಒಂದು ಬಿಳಿ ಪರದೆ ಸಾಕು. ಚಿತ್ರದ ಹಕ್ಕುದಾರರ ಅನುಮತಿಯನ್ನು ಮೊದಲೇ ಪಡೆಯಿರಿ. ಮುಂಚಿತವಾಗಿ ಭಾಷಣ ಬೇಡ, ನಮ್ಮದೂ ಬೇಡ. ಚಿತ್ರ ಮುಗಿದ ಮೇಲೆ ಒಂದು ಗಂಟೆ ಮಾತುಕತೆ. ಸಭೆಯಲ್ಲಿ ಇದುವರೆಗೆ ಬಾಯಿ ತೆರೆಯದವರಿಗೆ ಮೊದಲ ಅವಕಾಶ, ಬಲ್ಲವರು ಕೊನೆಗೆ.

ಬೆಳ್ಳಿಹಬ್ಬದ ಉಳಿಕೆ ಹಣದಲ್ಲಿ ಮೊದಲ ಸಂಜೆಯ ಖರ್ಚು ತೂಗಿಸಬಹುದು ಎಂಬುದು ನಮ್ಮ ಅಂದಾಜು. ಸದಸ್ಯರು ಕೈಯೆತ್ತಿದರೆ ಇಂದೇ ದಿನ ಗೊತ್ತುಮಾಡೋಣ.